ಸಾಗರಗರ್ಭದ ಸಾಹಸಿ ಜಾಕ್ ಕುಸ್ತೋ

ಸಮುದ್ರಕ್ಕೆ ರತ್ನಾಕರವೆಂದು ಹೆಸರಿಟ್ಟ ನಮ್ಮ ಪೂರ್ವಿಕರು ಅದರ ತಳವನ್ನು ಕಂಡವರಲ್ಲ. ಒಂದೇ ಒಂದು ಉಸಿರನ್ನು ಎದೆಯಲ್ಲಿ ಕಟ್ಟಿಕೊಂಡು ಮುಳುಗಿ, ಅದು ತೀರುವುದರೊಳಗೆ ಕೈಗೆ ಸಿಕ್ಕ ಮುತ್ತಿನ ಚಿಪ್ಪನ್ನೋ ಶಂಖವನ್ನೋ ಬಾಚಿಕೊಂಡು ಮೇಲೆ ಬರುತ್ತಿದ್ದವರು ಕೆಲವರು. ಉಳಿದವರಿಗೆ ಸಮುದ್ರವೆಂದರೆ ಮೇಲಿನ ಅಲೆ ಮಾತ್ರ. ಇಂದಿಗೂ ಅಘನಾಶಿನಿಯ ಅಳಿವೆಯಲ್ಲಿ ಮುಳುಗಿ ಬಳಚು ತೆಗೆಯುವವರು ಹೀಗೆಯೇ ದುಡಿಯುತ್ತಾರೆ. ಭೂಮಂಡಲದ ಹತ್ತರಲ್ಲಿ ಏಳು ಪಾಲು ನೀರೇ ಆಗಿದ್ದರೂ ಮನುಷ್ಯನು ಆ ಲೋಕಕ್ಕೆ ಒಂದೆರಡು ನಿಮಿಷದ ಅತಿಥಿಯಾಗಿದ್ದನು. ಆ ಒಂದೆರಡು ನಿಮಿಷವನ್ನು ಒಂದು ಗಂಟೆಯನ್ನಾಗಿ ಮಾಡಿ, ಮೇಲಿನ ದೋಣಿಗೆ ಕಟ್ಟಿದ ಕೊಳವೆಯ ಹಂಗಿಲ್ಲದೆ ಮೀನಿನಂತೆ ತಿರುಗಾಡುವ ದಾರಿ ತೆರೆದವರಲ್ಲಿ ಮೊದಲು ನೆನಪಿಗೆ ಬರುವ ಹೆಸರು ಫ್ರಾನ್ಸ್ ದೇಶದ ಜಾಕ್ ಈವ್ ಕುಸ್ತೋ ಎಂಬಾತನದು. ೧೯೯೭ರಲ್ಲಿ, ಎಂದರೆ ಈಗ ನಮ್ಮ ತರಗತಿಯಲ್ಲಿ ಕುಳಿತಿರುವವರಲ್ಲಿ ಯಾರೊಬ್ಬರೂ ಹುಟ್ಟುವ ಮುನ್ನವೇ, ಆತ ತೀರಿಕೊಂಡನು. ಆದರೂ ಕೆಂಪು ಉಣ್ಣೆಯ ಟೋಪಿ ತೊಟ್ಟ ಆ ಕೃಶ ಮುಖವನ್ನು ಚಿತ್ರದಲ್ಲಾದರೂ ಕಂಡವರು ನಮ್ಮಲ್ಲಿ ಹಲವರಿದ್ದಾರೆ.

ಬಿ.ಎ. ಓದುವವನಿಗೆ ಕವಾಟ, ಸ್ಪ್ರಿಂಗುಗಳ ಗೊಡವೆ ಏಕೆಂದು ಕೆಲವು ಮಿತ್ರರು ನಕ್ಕರೆ ನಗಲಿ. ಈ ಮನುಷ್ಯನ ಚರಿತ್ರೆಯಲ್ಲಿ ಮುಷ್ಟಿಗಾತ್ರದ ಒಂದು ಯಂತ್ರವೇ ಮುಖ್ಯ ಪಾತ್ರವಾಗಿದೆ. ಅದನ್ನು ಬಿಟ್ಟು ಕಥೆ ಹೇಳಿದರೆ ಬರಿಯ ಪ್ರಶಸ್ತಿಗಳ ಪಟ್ಟಿ ಉಳಿಯುತ್ತದೆ.

ಕುಸ್ತೋ ಹುಟ್ಟಿದ್ದು ೧೯೧೦ನೆಯ ಜೂನ್ ೧೧ರಂದು, ಬೋರ್ಡೋ ನಗರಕ್ಕೆ ಸಮೀಪದ ಸೇಂಟ್ ಆಂದ್ರೆ ದ ಕುಬ್ಜಾಕ್ ಎಂಬ ಸಣ್ಣ ಊರಿನಲ್ಲಿ. ತಂದೆ ದಾನಿಯೆಲ್ ಕಾನೂನು ಬಲ್ಲವನು. ಶ್ರೀಮಂತ ಅಮೆರಿಕನರ ಆಪ್ತ ಕಾರ್ಯದರ್ಶಿಯಾಗಿ ಅವರೊಡನೆ ಊರೂರು ತಿರುಗುವುದು ಅವನ ಉದ್ಯೋಗ. ಹೀಗಾಗಿ ಮಗನ ಬಾಲ್ಯಕ್ಕೆ ಒಂದೇ ನೆಲೆ ಇರಲಿಲ್ಲ. ಹುಡುಗ ರೋಗಿಷ್ಠ. ರಕ್ತಹೀನತೆಯಿಂದ ಬಳಲುತ್ತಿದ್ದ ಅವನಿಗೆ ಶ್ರಮದ ಆಟಗಳು ಬೇಡವೆಂದು ವೈದ್ಯರ ಅಪ್ಪಣೆಯಾಗಿತ್ತು. ಆದರೂ ಈಜು ಅವನನ್ನು ಹಿಡಿದುಕೊಂಡಿತು. ಹತ್ತರ ಪ್ರಾಯದಲ್ಲಿ ಕುಟುಂಬವು ಕೆಲಕಾಲ ನ್ಯೂಯಾರ್ಕಿನಲ್ಲಿದ್ದಾಗ, ವರ್ಮಾಂಟ್ ಪ್ರಾಂತದ ಒಂದು ಸರೋವರದ ದಂಡೆಯ ಬೇಸಿಗೆ ಶಿಬಿರಕ್ಕೆ ಅವನನ್ನು ಕಳುಹಿಸಿದರು. ಅಲ್ಲಿ ನೀರಿಗೆ ಧುಮುಕುವ ಜಾಗದಲ್ಲಿ ಬಿದ್ದಿದ್ದ ಒಣಕೊಂಬೆಗಳನ್ನು ಮುಳುಗಿ ತೆಗೆಯುವ ಕೆಲಸ ಇವನ ಪಾಲಿಗೆ ಬಂತು. ಮಂಜು ಮಂಜಾದ ಕೆಸರುನೀರಿನಲ್ಲಿ ಕಣ್ಣುಬಿಟ್ಟು, ಉಸಿರು ಕಟ್ಟಿ ತಡಕಾಡಿದ್ದೇ ಅವನ ಮೊದಲ ಮುಳುಗುವಿಕೆ.

ಓದಿನಲ್ಲಿ ಆತ ಜಾಣನೆನಿಸಿಕೊಳ್ಳಲಿಲ್ಲ. ಆದರೆ ಯಂತ್ರವೊಂದನ್ನು ಕಂಡರೆ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿಗೆ ಕೂಡಿಟ್ಟ ಹಣದಿಂದ ಒಂದು ಚಲನಚಿತ್ರ ಕ್ಯಾಮರಾ ಕೊಂಡನು. ಮೊದಲು ಮಾಡಿದ ಕೆಲಸವೆಂದರೆ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದು. ಶಾಲೆಯ ಹದಿನೇಳು ಕಿಟಕಿಗಳ ಗಾಜು ಒಡೆದು ಹೊರಹಾಕಿಸಿಕೊಂಡ ಪ್ರಸಂಗವೂ ಇದೆ. ಬಳಿಕ ಅಲ್ಸೇಸಿನ ಶಿಸ್ತಿನ ವಸತಿಶಾಲೆಯೊಂದಕ್ಕೆ ಸೇರಿಸಿದರು. ಅಲ್ಲಿ ಹುಡುಗ ನೆಟ್ಟಗಾದನು. ೧೯೩೦ರಲ್ಲಿ ಬ್ರೆಸ್ಟ್ ನಗರದ ನೌಕಾ ಅಕಾಡೆಮಿಗೆ ಪ್ರವೇಶ ದೊರೆಯಿತು. ಅಲ್ಲಿಂದ ಅಧಿಕಾರಿಯಾಗಿ ಹೊರಬಿದ್ದು, ದೂರ ಪ್ರಾಚ್ಯದ ಕಡಲುಗಳಲ್ಲಿ ಸಂಚರಿಸಿ, ಕಡೆಗೆ ನೌಕಾದಳದ ವಿಮಾನ ಚಾಲಕನಾಗಲು ತರಬೇತಿಗೆ ಸೇರಿದನು.

ತರಬೇತಿ ಮುಗಿಯುವ ಹೊತ್ತಿಗೆ ವಿಧಿ ಅಡ್ಡ ಬಂತು. ತಂದೆಯ ಮೋಟಾರು ಕಾರನ್ನು ಎರವಲು ಪಡೆದು ರಾತ್ರಿ ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದಾಗ ಮುಂದಿನ ದೀಪಗಳು ಆರಿಹೋದವು. ಕಾರು ಉರುಳಿತು. ಎರಡು ತೋಳುಗಳೂ ಮುರಿದವು. ಒಂದು ತೋಳನ್ನು ಕತ್ತರಿಸಬೇಕೆಂದು ವೈದ್ಯರು ಹೇಳಿದರೂ ಕುಸ್ತೋ ಒಪ್ಪಲಿಲ್ಲ. ತಿಂಗಳುಗಟ್ಟಲೆ ಯಾತನೆಯ ನಂತರ ಬೆರಳುಗಳು ಒಂದೊಂದಾಗಿ ಆಡತೊಡಗಿದವು. ವಿಮಾನದ ಆಸೆ ಅಲ್ಲಿಗೆ ಮುಗಿಯಿತು. ಮೆಡಿಟರೇನಿಯನ್ ತೀರದ ತೂಲೋನ್ ಬಂದರಿಗೆ ಅವನನ್ನು ಕಳುಹಿಸಿದರು. ಆಗಸವನ್ನು ಕಳೆದುಕೊಂಡವನಿಗೆ ಕಡಲು ದೊರೆತದ್ದು ಹೀಗೆ. ಅಲ್ಲಿ ಫಿಲಿಪ್ ತಾಯೇ ಎಂಬ ಹಿರಿಯ ಅಧಿಕಾರಿ, ಸೋತ ತೋಳುಗಳಿಗೆ ಈಜು ಒಳ್ಳೆಯದೆಂದು ಹೇಳಿ, ೧೯೩೬ರಲ್ಲಿ ಅವನ ಕೈಗೆ ನೀರುಕನ್ನಡಕವೊಂದನ್ನು ಕೊಟ್ಟನು. ಅದನ್ನು ತೊಟ್ಟು ಮುಖವನ್ನು ನೀರಿಗಿಟ್ಟಾಗ ಕಂಡ ಪಾಚಿಯ ಕಾಡು, ಬೆಳ್ಳಿಮೀನುಗಳ ಹಿಂಡು, ತಲೆಯೆತ್ತಿದರೆ ಪಕ್ಕದಲ್ಲೇ ಬೀದಿಯ ವಾಹನಗಳು! ಎರಡು ಲೋಕಗಳ ನಡುವೆ ಒಂದು ಗಾಜಿನ ತುಂಡು ಮಾತ್ರ. ಫ್ರೆಡರಿಕ್ ಡ್ಯೂಮಾ ಎಂಬ ಪ್ರಚಂಡ ಈಜುಗಾರನೂ ಇವರ ಜೊತೆಗೂಡಿದನು. ಈ ಮೂವರ ಸ್ನೇಹ ಮುಂದೆ ಸಮುದ್ರಶೋಧನೆಯ ಚರಿತ್ರೆಯ ಭಾಗವಾಯಿತು. ೧೯೩೭ರಲ್ಲಿ ಕುಸ್ತೋ ಸಿಮೋನ್ ಮೆಲ್ಕಿಯೋರ್ ಎಂಬ ನೌಕಾಧಿಕಾರಿಯ ಮಗಳನ್ನು ಮದುವೆಯಾದನು. ಆ ಮಾವನು ನೌಕಾದಳ ಬಿಟ್ಟ ಮೇಲೆ ಏರ್ ಲಿಕ್ವಿದ್ ಎಂಬ ಅನಿಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದನು. ಈ ಸಂಬಂಧ ಮುಂದೆ ಒದಗಿಬಂದದ್ದನ್ನು ಓದುಗರು ನೋಡುವಿರಿ.

ನೋಡುವ ಕಣ್ಣು ಸಿಕ್ಕಿತು, ಉಸಿರು? ಇದೇ ತೊಡಕು. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಇಪ್ಪತ್ತು ಮೀಟರಿಗೆ ಮೂರು ಪಟ್ಟು. ಉದ್ದನೆಯ ಕೊಳವೆಯನ್ನು ಬಾಯಿಗಿಟ್ಟುಕೊಂಡು ಆಳಕ್ಕಿಳಿದು ಮೇಲಿನ ಗಾಳಿಯನ್ನು ಸೇದಬಹುದೆಂದು ತೋರುತ್ತದೆ. ಆದರೆ ಒಂದು ಮೀಟರ್ ಇಳಿಯುವುದರೊಳಗೇ ನೀರಿನ ಭಾರಕ್ಕೆ ಎದೆ ಅರಳಲಾರದು. ಆದ್ದರಿಂದ ಎಷ್ಟು ಆಳವೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಬರಬೇಕು. ಕಡಿಮೆಯಾದರೆ ಸೇದಲಾಗದು, ಹೆಚ್ಚಾದರೆ ಶ್ವಾಸಕೋಶಕ್ಕೆ ಅಪಾಯ. ಇಳಿದಂತೆ ಏರುತ್ತ, ಏರಿದಂತೆ ಇಳಿಯುತ್ತ, ಬೇಕೆಂದಾಗ ಬಂದು ಬೇಡವೆಂದಾಗ ನಿಲ್ಲುವ ಗಾಳಿ! ಇದನ್ನು ತಾನಾಗಿ ನಡೆಸಿಕೊಡುವ ಸಾಧನಕ್ಕೇ ರೆಗ್ಯುಲೇಟರ್ ಎಂದು ಹೆಸರು.

ಇದನ್ನು ಮೊದಲು ಯೋಚಿಸಿದವನು ಕುಸ್ತೋ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ೧೮೬೦ರ ದಶಕದಲ್ಲಿಯೇ ಬೆನ್ವಾ ರುಕೆರೋಲ್ ಎಂಬ ಗಣಿ ಎಂಜಿನಿಯರನೂ ಒಗುಸ್ತ್ ದೆನೆರೂಜ್ ಎಂಬ ನೌಕಾಧಿಕಾರಿಯೂ ಕೂಡಿ ಇಂಥದೊಂದನ್ನು ರಚಿಸಿದ್ದರು. ಜೂಲ್ಸ್ ವರ್ನ್ ತನ್ನ ಸಮುದ್ರಯಾನದ ಕಾದಂಬರಿಯಲ್ಲಿ ಕ್ಯಾಪ್ಟನ್ ನೀಮೋನ ಬಳಗಕ್ಕೆ ತೊಡಿಸಿದ್ದು ಇದನ್ನೇ. ಆದರೆ ಆ ಕಾಲದ ಲೋಹದ ತೊಟ್ಟಿಗೆ ಅಧಿಕ ಒತ್ತಡದ ಗಾಳಿಯನ್ನು ಹಿಡಿದಿಡುವ ಶಕ್ತಿಯಿರಲಿಲ್ಲವಾದುದರಿಂದ ಮುಳುಗುವವನು ಹೆಚ್ಚಾಗಿ ಮೇಲಿನ ಕೊಳವೆಯನ್ನೇ ನಂಬಬೇಕಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಲ ಪ್ರಿಯರ್ ಎಂಬ ಇನ್ನೊಬ್ಬ ನೌಕಾಧಿಕಾರಿ ಬಲವಾದ ಸಿಲಿಂಡರನ್ನು ಕಟ್ಟಿಕೊಂಡು ಇಳಿದನು. ಅವನ ಉಪಕರಣದಲ್ಲಿ ಗಾಳಿ ಬಿಡದೆ ಹರಿಯುತ್ತಿತ್ತು, ಕೈಯಿಂದ ತಿರುಪುತ್ತಿರಬೇಕು, ಅರ್ಧ ಗಾಳಿ ಗುಳ್ಳೆಯಾಗಿ ವ್ಯರ್ಥ. ಕುಸ್ತೋ ೧೯೩೯ರಲ್ಲಿ ಶುದ್ಧ ಆಮ್ಲಜನಕದ ಉಪಕರಣವೊಂದನ್ನು ಮಾಡಿಸಿ ತಾನೇ ತೊಟ್ಟು ಇಳಿದನು. ಸುಮಾರು ಹದಿಮೂರು ಮೀಟರ್ ಆಳದಲ್ಲಿ ಮೈಯೆಲ್ಲ ಸೆಳೆದು ಪ್ರಜ್ಞೆ ತಪ್ಪುವಂತಾಯಿತು. ಇನ್ನೊಮ್ಮೆ ಪ್ರಯತ್ನಿಸಿದಾಗಲೂ ಅದೇ ಗತಿ. ಪ್ರಾಣವಾಯುವೆಂದು ನಾವು ಕೊಂಡಾಡುವ ಆಮ್ಲಜನಕವೇ ಆರೇಳು ಮೀಟರಿಗಿಂತ ಕೆಳಗೆ ಶುದ್ಧ ರೂಪದಲ್ಲಿ ವಿಷವಾಗುತ್ತದೆಂಬುದು ಇಂದು ಮುಳುಗು ಕಲಿಯುವವರಿಗೆಲ್ಲ ಗೊತ್ತು. ಆತ ಅದನ್ನು ತನ್ನ ದೇಹದ ಮೇಲೆ ಕಲಿತನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಫ್ರಾನ್ಸನ್ನು ನುಂಗಿತ್ತು. ೧೯೪೨ರ ನವೆಂಬರಿನಲ್ಲಿ ಜರ್ಮನರ ಕೈಗೆ ಸಿಗಬಾರದೆಂದು ಫ್ರೆಂಚ್ ನೌಕಾದಳವು ತೂಲೋನಿನಲ್ಲಿ ತನ್ನ ಹಡಗುಗಳನ್ನು ತಾನೇ ಮುಳುಗಿಸಿಕೊಂಡಿತು. ಹಡಗಿಲ್ಲದ ನೌಕಾಧಿಕಾರಿ ಕುಸ್ತೋ ಮರುತಿಂಗಳು ಪ್ಯಾರಿಸ್ಸಿಗೆ ಹೋಗಿ, ಮಾವನ ಪರಿಚಯದಿಂದ ಏರ್ ಲಿಕ್ವಿದ್ ಕಂಪನಿಯ ಎಮೀಲ್ ಗನ್ಯಾನ್ ಎಂಬ ಎಂಜಿನಿಯರನನ್ನು ಕಂಡನು. ಪೆಟ್ರೋಲು ಸಿಗದ ಕಾಲ. ಮೋಟಾರುಗಳನ್ನು ಅನಿಲದಿಂದ ಓಡಿಸಬೇಕು. ಎಂಜಿನ್ನು ಎಳೆದಷ್ಟೇ ಅನಿಲ ಹರಿಯುವಂತೆ ಗನ್ಯಾನ್ ಒಂದು ಕವಾಟವನ್ನು ರಚಿಸಿ ಮೇಜಿನ ಮೇಲಿಟ್ಟಿದ್ದನು. ಕುಸ್ತೋ ತನಗೆ ಬೇಕಾದುದನ್ನು ವಿವರಿಸಿದನು. ಗನ್ಯಾನ್ ಮೇಜಿನ ಮೇಲಿನ ಆ ವಸ್ತುವನ್ನೇ ಅವನ ಕೈಗಿತ್ತನು. ಎಂಜಿನ್ನಿನ ಜಾಗದಲ್ಲಿ ಮನುಷ್ಯನ ಶ್ವಾಸಕೋಶ, ಅಷ್ಟೇ ವ್ಯತ್ಯಾಸ.

ಇದು ಕೆಲಸ ಮಾಡುವ ಬಗೆಯನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಅಡುಗೆಮನೆಗೆ ಹೋದರೆ ಸಾಕು. ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ ಕುಳಿತಿರುವ ರೆಗ್ಯುಲೇಟರಿನೊಳಗೆ ರಬ್ಬರಿನದೊಂದು ತೆಳು ಪೊರೆಯಿದೆ, ಡಯಾಫ್ರಮ್ ಎನ್ನುತ್ತಾರೆ. ಪೊರೆಯ ಒಂದು ಪಕ್ಕದಲ್ಲಿ ಅನಿಲ, ಇನ್ನೊಂದು ಪಕ್ಕದಲ್ಲಿ ಸ್ಪ್ರಿಂಗೂ ಹೊರಗಿನ ಗಾಳಿಯೂ. ಒಲೆ ಅನಿಲವನ್ನು ತೆಗೆದುಕೊಂಡಂತೆ ಒಳಗಿನ ಒತ್ತಡ ತಗ್ಗಿ ಪೊರೆ ಬಾಗುತ್ತದೆ. ಬಾಗಿದ ಪೊರೆ ಸಣ್ಣ ಸನ್ನೆಕೋಲೊಂದನ್ನು ಒತ್ತಿ ಕವಾಟ ತೆರೆಯುತ್ತದೆ. ಒತ್ತಡ ಸರಿಹೋದೊಡನೆ ಪೊರೆ ಹಿಂದೆ ಸರಿದು ಕವಾಟ ಮುಚ್ಚುತ್ತದೆ. ಮುಳುಗುವವನ ರೆಗ್ಯುಲೇಟರಿನಲ್ಲಿ ಹೊರಗಿನ ಗಾಳಿಯ ಜಾಗಕ್ಕೆ ಸಮುದ್ರದ ನೀರೇ ಬಂದು ಪೊರೆಯನ್ನು ಒತ್ತುತ್ತದೆ. ಆಳ ಹೆಚ್ಚಿದಂತೆ ನೀರು ಹೆಚ್ಚು ಒತ್ತುತ್ತದೆ, ಗಾಳಿಯೂ ಅಷ್ಟೇ ಹೆಚ್ಚು ಒತ್ತಡದಿಂದ ಬರುತ್ತದೆ. ಕೊಲ್ಲಬಹುದಾದ ನೀರಿನ ಕೈಯಲ್ಲೇ ಬದುಕಿಸುವ ಗಾಳಿಯನ್ನು ಅಳೆಸುವ ಈ ಉಪಾಯ ಎಷ್ಟು ಸರಳ, ಎಷ್ಟು ಸೊಗಸು!

೧೯೪೩ರ ಜನವರಿಯ ಚಳಿಯಲ್ಲಿ ಪ್ಯಾರಿಸ್ಸಿನ ಹತ್ತಿರ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ. ಗನ್ಯಾನ್ ದಂಡೆಯಲ್ಲಿ ನಿಂತಿದ್ದನು. ಕುಸ್ತೋ ನೀರಿಗಿಳಿದನು. ಅಡ್ಡಲಾಗಿ ಈಜುವಾಗ ಉಪಕರಣ ಚೆನ್ನಾಗಿಯೇ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ಭರ್ರೆಂದು ಸೋರಿಹೋಗುತ್ತಿತ್ತು. ತಲೆಕೆಳಗಾದರೆ ಸೇದುವುದೇ ಕಷ್ಟವಾಗುತ್ತಿತ್ತು. ಇಬ್ಬರೂ ಮುಖ ಬಾಡಿಸಿಕೊಂಡು ಹಿಂದಿರುಗಿದರು. ದಾರಿಯಲ್ಲಿ ಮಾತಾಡುತ್ತ ಮಾತಾಡುತ್ತ ಕಾರಣ ಹೊಳೆಯಿತು. ಉಸಿರು ಹೊರಬೀಳುವ ಬಾಯಿಯೂ ಗಾಳಿ ಒಳಬರುವ ಕವಾಟವೂ ಸುಮಾರು ಹದಿನೈದು ಸೆಂಟಿಮೀಟರ್ ದೂರದಲ್ಲಿದ್ದವು. ನೆಟ್ಟಗೆ ನಿಂತಾಗ ಹೊರಬಾಯಿ ಮೇಲಿರುತ್ತದೆ. ಅಲ್ಲಿ ನೀರಿನ ಒತ್ತಡ ತುಸು ಕಡಿಮೆ. ಗಾಳಿ ತಾನಾಗಿ ಅತ್ತ ಓಡುತ್ತದೆ. ತಲೆಕೆಳಗಾದಾಗ ಇದೇ ವ್ಯತ್ಯಾಸ ತಿರುಗುಮುರುಗಾಗಿ ಗಾಳಿಯನ್ನು ತಡೆಯುತ್ತದೆ. ಒಂದು ಗೇಣಿಗೂ ಕಡಿಮೆ ನೀರು ಸಾಕಾಯಿತು, ಇಡೀ ಯಂತ್ರ ಕೆಡಲು! ಎರಡು ಬಾಯಿಗಳನ್ನೂ ಒಂದರ ಪಕ್ಕಕ್ಕೊಂದು ಇಟ್ಟರು. ಪ್ಯಾರಿಸ್ಸಿನ ನೀರುತೊಟ್ಟಿಯೊಂದರಲ್ಲಿ ಕುಸ್ತೋ ನಿಂತು, ಮಲಗಿ, ಲಾಗ ಹಾಕಿ ನೋಡಿದನು. ಉಸಿರು ಎಲ್ಲಿಯೂ ತಪ್ಪಲಿಲ್ಲ. ಇಂದಿನ ರೆಗ್ಯುಲೇಟರುಗಳಲ್ಲಿಯೂ ಹೊರಕವಾಟವನ್ನು ಪೊರೆಯ ಬಳಿಯಲ್ಲೇ ಇಡುತ್ತಾರೆ.

ಆ ವರ್ಷದ ಜೂನಿನಲ್ಲಿ ಮೆಡಿಟರೇನಿಯನ್ ತೀರದ ಬಂದೋಲ್ ಎಂಬಲ್ಲಿಗೆ ಮರದ ಪೆಟ್ಟಿಗೆಯೊಂದು ರೈಲಿನಲ್ಲಿ ಬಂತು. ಅದರೊಳಗೆ ಆಕ್ವಾಲಂಗ್ ಎಂದು ಮುಂದೆ ಹೆಸರಾದ ಉಪಕರಣ. ಬೆನ್ನಿಗೆ ಸಿಲಿಂಡರುಗಳು, ಕತ್ತಿನ ಹಿಂದೆ ರೆಗ್ಯುಲೇಟರು, ಅದರಿಂದ ಬಾಯಿಗೆ ಎರಡು ಸುಕ್ಕುಗಟ್ಟಿದ ರಬ್ಬರ್ ಕೊಳವೆಗಳು: ಒಂದು ಬರುವ ಉಸಿರಿಗೆ, ಇನ್ನೊಂದು ಹೋಗುವ ಉಸಿರಿಗೆ. ಸಿಮೋನ್ ಮೇಲೆ ಈಜುತ್ತ ಕಣ್ಣಿಟ್ಟಿದ್ದಳು. ಏನಾದರೂ ಆದರೆ ಇಳಿದು ತರಲು ಡ್ಯೂಮಾ ದಡದಲ್ಲಿ ಸಿದ್ಧನಾಗಿದ್ದನು. ಅಂದು ಕುಸ್ತೋ ಭಾರವನ್ನು ಮರೆತು ಹಕ್ಕಿಯಂತೆ ಹಾರಿದನು. ಆ ಬೇಸಿಗೆಯಲ್ಲಿ ಅವರು ಐನೂರಕ್ಕೂ ಹೆಚ್ಚು ಬಾರಿ ಮುಳುಗಿದರು. ಡ್ಯೂಮಾ ಅದೇ ವರ್ಷ ೬೨ ಮೀಟರ್ ಆಳವನ್ನು ಮುಟ್ಟಿಬಂದನು.

ಯುದ್ಧಕಾಲದ ಕುಸ್ತೋನ ನಡೆಯ ಬಗ್ಗೆ ಎರಡು ಮಾತು. ಆತ ಶತ್ರುಪಕ್ಷದ ಗುಪ್ತ ಕಾಗದಗಳನ್ನು ಅಪಹರಿಸುವ ಕಾರ್ಯದಲ್ಲಿ ಪಾಲುಗೊಂಡು ದೇಶದಿಂದ ಗೌರವಪದಕ ಪಡೆದನು. ಅವನ ಅಣ್ಣ ಪಿಯೆರ್ ಆಂತ್ವಾನ್ ಜರ್ಮನರ ಪರವಾಗಿ, ಯೆಹೂದ್ಯರ ವಿರುದ್ಧ ಬರೆಯುತ್ತಿದ್ದ ಪತ್ರಿಕೆಯನ್ನು ನಡೆಸಿದವನು. ಯುದ್ಧ ಮುಗಿದ ಮೇಲೆ ೧೯೪೬ರಲ್ಲಿ ಮರಣದಂಡನೆಗೆ ಗುರಿಯಾದನು. ವಿಚಾರಣೆಯಲ್ಲಿ ತಮ್ಮನು ನೌಕಾದಳದ ಸಮವಸ್ತ್ರ ತೊಟ್ಟೇ ಹೋಗಿ ಅಣ್ಣನ ಪರವಾಗಿ ಸಾಕ್ಷಿ ನುಡಿದನು. ಶಿಕ್ಷೆ ಮುಂದೆ ಸೆರೆವಾಸಕ್ಕೆ ಇಳಿಯಿತು. ಅಣ್ಣನ ಕೃತ್ಯವನ್ನು ಒಪ್ಪದೆಯೂ ಅಣ್ಣನನ್ನು ಬಿಡಲಾರದವನ ಸಂಕಟ ಅದು. ಸಮವಸ್ತ್ರದಲ್ಲಿ ಹೋದದ್ದು ಸರಿಯೇ ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು. ನನಗಂತೂ ಆತ ಹೋಗದಿದ್ದರೆ ಚಿಕ್ಕವನಾಗುತ್ತಿದ್ದನೆಂದೇ ತೋರುತ್ತದೆ.

ಯುದ್ಧಾನಂತರ ಕುಸ್ತೋ, ತಾಯೇ, ಡ್ಯೂಮಾ ಸೇರಿ ತೂಲೋನಿನಲ್ಲಿ ನೌಕಾದಳದ ಜಲಾಂತರ್ಗತ ಸಂಶೋಧನ ತಂಡವನ್ನು ಕಟ್ಟಿದರು. ಕಡಲಲ್ಲಿ ಉಳಿದಿದ್ದ ಸಿಡಿಗುಂಡುಗಳನ್ನು ತೆಗೆಯುವುದೇ ಮೊದಲ ಕೆಲಸವಾಗಿತ್ತು. ಆದರೆ ಅವರಿಗೆ ಮರೆಯಲಾಗದ ಪಾಠ ಕಲಿಸಿದ್ದು ಕಡಲಲ್ಲ, ಒಂದು ನೀರಬುಗ್ಗೆ. ದಕ್ಷಿಣ ಫ್ರಾನ್ಸಿನ ವೊಕ್ಲ್ಯೂಸ್ ಎಂಬಲ್ಲಿ ಬಂಡೆಯ ಬುಡದಿಂದ ಉಕ್ಕುವ ಬುಗ್ಗೆಯೊಂದಿದೆ. ವರ್ಷಕ್ಕೊಮ್ಮೆ ಅದು ಕೋಡಿವರಿಯುವುದರ ಗುಟ್ಟನ್ನು ಶೋಧಿಸಲು ೧೯೪೬ರ ಆಗಸ್ಟ್ ೨೭ರಂದು ಕುಸ್ತೋ ಮತ್ತು ಡ್ಯೂಮಾ ಆ ಕತ್ತಲ ಗುಹೆಗೆ ಇಳಿದರು. ಮೇಲೆ ಹಗ್ಗ ಹಿಡಿದು ನಿಂತವನು ಮೋರಿಸ್ ಫಾರ್ಗ್. ಮೂರು ಸಲ ಜಗ್ಗಿದರೆ ಹಗ್ಗ ಇನ್ನಷ್ಟು ಬಿಡು, ಆರು ಸಲ ಜಗ್ಗಿದರೆ ಅಪಾಯ, ಎಳೆದುಕೋ ಎಂಬುದು ಒಪ್ಪಂದ. ಆಳಕ್ಕೆ ಹೋದಂತೆ ಇಬ್ಬರಿಗೂ ಬುದ್ಧಿ ಮಂಕಾಯಿತು. ಬಂದ ಕೆಲಸವೇನು, ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತಿಳಿಯದಾಯಿತು. ಡ್ಯೂಮಾನ ಉಡುಪಿನೊಳಗೆ ನೀರು ನುಗ್ಗಿ ಆತ ಕೈಸೋತನು. ಕುಸ್ತೋ ಹಗ್ಗವನ್ನು ಹಿಡಿದು ಮೇಲೇರಲು ಯತ್ನಿಸಿದರೆ ಅದು ಮೇಲಿನವರಿಗೆ ಸಂಕೇತದಂತೆ ತೋರಿ ಹಗ್ಗ ಮತ್ತಷ್ಟು ಕೆಳಗೆ ಬಂತು! ಕಡೆಗೆ ಹೇಗೋ ಆರು ಬಾರಿ ಜಗ್ಗಿದನು. ಫಾರ್ಗ್ ಬಲವೆಲ್ಲ ಹಾಕಿ ಎಳೆದನು. ಗೆಳೆಯನನ್ನು ಹಿಡಿದುಕೊಂಡೇ ಕುಸ್ತೋ ಬೆಳಕಿಗೆ ಬಂದನು. ಅದೇ ದಿನ ಎರಡನೆಯ ಜೋಡಿಯಾಗಿ ಇಳಿದ ತಾಯೇ ಮತ್ತು ಅವನ ಸಂಗಡಿಗನಿಗೂ ಇದೇ ಅವಸ್ಥೆಯಾಯಿತು.

ತೂಲೋನಿಗೆ ಮರಳಿ ಸಿಲಿಂಡರಿನಲ್ಲಿ ಉಳಿದಿದ್ದ ಗಾಳಿಯನ್ನು ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಗಾಳಿ ತುಂಬುವ ಹೊಸ ಕಂಪ್ರೆಸರು ತನ್ನ ಎಂಜಿನ್ನಿನ ಹೊಗೆಯನ್ನೇ ಸೇದಿಕೊಂಡಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಸಿಲಿಂಡರನ್ನು ಸೇರಿತ್ತು. ಮೇಲ್ಮೈಯಲ್ಲಿ ಅಷ್ಟಾಗಿ ಬಾಧಿಸದ ಪ್ರಮಾಣ ಆಳದ ಒತ್ತಡದಲ್ಲಿ ಹಲವು ಪಟ್ಟಾಗಿ ಕೊಲ್ಲಬಲ್ಲುದು. ರೆಗ್ಯುಲೇಟರಿನಲ್ಲಿ ದೋಷವಿರಲಿಲ್ಲ, ಅದು ಕೊಟ್ಟದ್ದನ್ನು ನಿಷ್ಠೆಯಿಂದ ಬಾಯಿಗೆ ತಲುಪಿಸಿತು. ಈ ಕಂಪ್ರೆಸರಿನ ಪ್ರಸಂಗವು ನನಗೆ ಕುಸ್ತೋನ ಎಲ್ಲ ಸಾಹಸಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ನೀರೊಳಗೆ ಧೈರ್ಯದಿಂದ ಬದುಕುಳಿಯುವುದು ಕಡಿಮೆ, ದಡದಲ್ಲಿ ಮಾಡಿದ ಆರೈಕೆಯಿಂದ ಬದುಕುಳಿಯುವುದೇ ಹೆಚ್ಚು.

ಈ ಆರೈಕೆ ಏನೆಂಬುದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮುರ್ಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪದಲ್ಲಿ ಮುಳುಗಲು ಹೋಗುವ ಮಿತ್ರರು ನಮ್ಮಲ್ಲಿಯೂ ಉಂಟಲ್ಲ! ಇಂದಿನ ರೆಗ್ಯುಲೇಟರು ಎರಡು ಹಂತದ್ದು. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ೨೦೦ ವಾಯುಭಾರದಷ್ಟಿರುವ ಗಾಳಿಯನ್ನು ಸಿಲಿಂಡರಿನ ಮೇಲಿನ ಮೊದಲ ಹಂತವು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು ಹತ್ತು ವಾಯುಭಾರ ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಒಂದೇ ಕೊಳವೆಯ ತುದಿಯಲ್ಲಿ ಬಾಯಿಗೆ ಕಚ್ಚಿಕೊಳ್ಳುವ ಎರಡನೆಯ ಹಂತವು ಅದನ್ನು ಉಸಿರಿನ ಮಟ್ಟಕ್ಕೆ ತರುತ್ತದೆ. ಈ ಒಂಟಿ ಕೊಳವೆಯ ಮಾದರಿಯನ್ನು ಬಳಕೆಗೆ ತಂದವರಲ್ಲಿ ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್ ಮುಖ್ಯನು. ಆರಿಸುವಾಗ ನೋಡಬೇಕಾದುದು ಹೊಳಪನ್ನಲ್ಲ. ಮೊದಲ ಹಂತ ಸಮತೋಲಿತ ಜಾತಿಯದಾದರೆ ಸಿಲಿಂಡರು ಬರಿದಾಗುತ್ತ ಬಂದರೂ ಸೇದುವ ಶ್ರಮ ಹೆಚ್ಚುವುದಿಲ್ಲ. ಅಲ್ಲದ ಜಾತಿಯದು ಅಗ್ಗ, ಬಿಡಿಭಾಗ ಕಡಿಮೆ, ಆದರೆ ಕೊನೆಕೊನೆಗೆ ಉಸಿರು ಬಿಗಿಯಾಗುತ್ತದೆ. ಹಿಮದ ನೀರಿನಲ್ಲಿ ಇಳಿಯುವವರಿಗೆ ಕವಾಟ ಹೆಪ್ಪುಗಟ್ಟದಂತೆ ನೀರು ತಾಗದ ಹಾಗೆ ಮುಚ್ಚಿದ ಮಾದರಿ ಬೇಕು. ನಮ್ಮ ಬೆಚ್ಚನೆಯ ಅರಬ್ಬಿ ಸಮುದ್ರಕ್ಕೆ ಅದರ ಅವಶ್ಯಕತೆಯಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಬಿಚ್ಚಿ ದುರಸ್ತಿ ಮಾಡಬಲ್ಲವನೂ ಬಿಡಿಭಾಗವೂ ಹತ್ತಿರದಲ್ಲಿ ಸಿಗುವಂಥದನ್ನು ಕೊಳ್ಳಬೇಕು. ಊರಲ್ಲಿ ಮೆಕ್ಯಾನಿಕ್ ಇಲ್ಲದ ಮೋಟಾರ್ ಸೈಕಲ್ಲನ್ನು ಯಾರು ಕೊಳ್ಳುತ್ತಾರೆ?

ಇನ್ನು ಪಾಲನೆ. ಇದರ ಶತ್ರು ಉಪ್ಪು. ಒಣಗಿದ ಉಪ್ಪಿನ ಹರಳು ಕವಾಟದ ಪೀಠವನ್ನೂ ರಬ್ಬರಿನ ಚಿಕ್ಕ ಬಳೆಗಳನ್ನೂ ಕೊರೆಯುತ್ತದೆ. ಆದ್ದರಿಂದ ಕಡಲಿನಿಂದ ಬಂದೊಡನೆ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಆದರೆ ತೊಳೆಯುವ ಮೊದಲು ಗಾಳಿ ಒಳಹೋಗುವ ಬಾಯಿಗೆ ಅದರ ಮುಚ್ಚಳವನ್ನು ಒರೆಸಿ ಒಣಗಿಸಿ ಹಾಕಿರಬೇಕು. ನೀರಿನಲ್ಲಿರುವಾಗ ಎರಡನೆಯ ಹಂತದ ಗುಂಡಿಯನ್ನು ಒತ್ತಲೇಬಾರದು. ಒತ್ತಿದರೆ ಕವಾಟ ತೆರೆದು ನೀರು ಕೊಳವೆಯ ಮೂಲಕ ಒಳಗೆ ಸೇರಿಕೊಳ್ಳುತ್ತದೆ. ಬಳಿಕ ನೆರಳಿನಲ್ಲಿ ಆರಿಸಬೇಕು. ಬಿಸಿಲು ರಬ್ಬರನ್ನು ತಿನ್ನುತ್ತದೆ. ಗಾಳಿಯ ಬಾಯಲ್ಲಿರುವ ಪುಟ್ಟ ಸೋಸುಬಿಲ್ಲೆಯ ಬಣ್ಣವನ್ನು ನೋಡಿ ಬಲ್ಲವರು ಜಾತಕ ಹೇಳುತ್ತಾರೆ. ಹಸಿರಾದರೆ ಒಳಗೆ ನೀರು ಹೊಕ್ಕು ಹಿತ್ತಾಳೆ ಕಿಲುಬು ಹಿಡಿದಿದೆ, ಕೆಂಪಾದರೆ ಉಕ್ಕಿನ ಸಿಲಿಂಡರು ತುಕ್ಕಾಗಿದೆ, ಕಪ್ಪಾದರೆ ಕಂಪ್ರೆಸರಿನ ಗಾಳಿ ಶುದ್ಧವಿಲ್ಲ. ತಯಾರಕರು ಹೇಳಿದ ಅವಧಿಗೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಪೂರ್ತಿ ಬಿಚ್ಚಿಸಿ ರಬ್ಬರ್ ಭಾಗಗಳನ್ನು ಬದಲಿಸಬೇಕು. ಇಳಿಯುವ ಮುನ್ನ ಒತ್ತಡದ ಮುಳ್ಳನ್ನು ನೋಡುತ್ತ ನಾಲ್ಕು ಉಸಿರು ಸೇದಬೇಕು. ಸೇದಿದಾಗಲೆಲ್ಲ ಮುಳ್ಳು ತೊ‌ನೆದರೆ ಸಿಲಿಂಡರಿನ ಕವಾಟ ಸರಿಯಾಗಿ ತೆರೆದಿಲ್ಲವೆಂದು ಅರ್ಥ. ಮೀನುಗಾರರ ಮನೆಗಳಲ್ಲಿ ಬಲೆಯನ್ನು ತೊಳೆದು ಹರಡಿ ಹರಿದ ಕಣ್ಣು ಕಟ್ಟಿದ ಮೇಲೆಯೇ ಊಟಕ್ಕೆ ಏಳುವುದನ್ನು ಕಂಡವರಿಗೆ ಇದು ಹೊಸ ಶಿಸ್ತೇನೂ ಅಲ್ಲ.

ಉಪಕರಣ ನಿರ್ದೋಷವಾಗಿದ್ದರೂ ಆಳಕ್ಕೆ ತನ್ನದೇ ಬಲೆಯಿದೆ. ವೊಕ್ಲ್ಯೂಸಿನಲ್ಲಿ ಇವರನ್ನು ಎಳೆದು ಉಳಿಸಿದ ಆ ಫಾರ್ಗ್, ೧೯೪೭ರಲ್ಲಿ ಎಷ್ಟು ಆಳ ಸಾಧ್ಯವೆಂದು ನೋಡಲು ಇಳಿದನು. ೧೨೦ ಮೀಟರ್ ಆಳದ ಹಲಗೆಯ ಮೇಲೆ ತನ್ನ ಹೆಸರಿನ ಗುರುತು ಹಾಕಿದನು. ಮೇಲೆ ಎಳೆದಾಗ ಬಾಯಿಂದ ಕೊಳವೆ ಜಾರಿತ್ತು, ಪ್ರಾಣವಿರಲಿಲ್ಲ. ಒತ್ತಡದಲ್ಲಿ ಗಾಳಿಯ ಸಾರಜನಕವೇ ಮದ್ಯದಂತೆ ಅಮಲೇರಿಸುತ್ತದೆ; ಆ ಅಮಲಿನಲ್ಲಿ ಮನುಷ್ಯ ಉಸಿರಿನ ಕೊಳವೆಯನ್ನೂ ಕೈಬಿಡಬಲ್ಲನು. ತಮ್ಮನ್ನು ಉಳಿಸಿದವನನ್ನು ತಾವು ಉಳಿಸಲಾರದೆ ಹೋದೆವೆಂಬ ಕೊರಗು ಆ ತಂಡವನ್ನು ಬಹುಕಾಲ ಕಾಡಿತು.

ಮುಂದಿನ ಕಥೆ ಹೆಚ್ಚು ಪ್ರಸಿದ್ಧವಾದುದು. ೧೯೫೦ರಲ್ಲಿ ಗಿನೆಸ್ ಎಂಬ ಶ್ರೀಮಂತನು ಹಳೆಯ ಸಿಡಿಗುಂಡುನಿವಾರಕ ಹಡಗೊಂದನ್ನು ಕೊಂಡು ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕುಸ್ತೋಗೆ ಕೊಟ್ಟನು. ಅದೇ ಕ್ಯಾಲಿಪ್ಸೋ. ಅದನ್ನು ಸಜ್ಜುಗೊಳಿಸಲು ಸಿಮೋನ್ ತನ್ನ ಒಡವೆಗಳನ್ನು ಮಾರಿದಳು. ಮಕ್ಕಳ ಕಾಲೇಜು ಫೀಸಿಗೆ ತಾಯಂದಿರ ಬಳೆ ಅಂಗಡಿ ಸೇರುವುದನ್ನು ನಮ್ಮ ಮನೆಗಳಲ್ಲಿ ಮೊದಲ ಬಾರಿಗೆ ಪದವಿಗೆ ಬಂದ ನಾವು ಬಲ್ಲೆವು. ಆದ್ದರಿಂದ ಸಿಮೋನಳ ಹೆಸರು ಹಡಗಿನ ಚರಿತ್ರೆಯಲ್ಲಿ ಹಿಂದೆ ಬೀಳುವುದು ನನಗೆ ಸಹಿಸದು. ಆಕೆ ಹಡಗಿನಲ್ಲಿ ಕಳೆದ ದಿನಗಳು ಗಂಡನಿಗಿಂತ ಹೆಚ್ಚು. ೧೯೫೨ರಿಂದ ಮಾರ್ಸೇಲ್ ಬಳಿಯ ಗ್ರಾಂ ಕೊಂಗ್ಲೂಯೆ ಬಂಡೆಯಡಿಯಲ್ಲಿ ಪ್ರಾಚೀನ ಹಡಗಿನ ಅವಶೇಷವನ್ನು ಅಗೆದು ಸಾವಿರಾರು ಮಣ್ಣಿನ ಹೂಜಿಗಳನ್ನು ಮೇಲೆತ್ತಿದರು. ಮೊದಲ ವರ್ಷವೇ ಒಬ್ಬ ಮುಳುಗುಗಾರ ಪ್ರಾಣ ತೆತ್ತನು. ಅಲ್ಲಿ ಒಂದರ ಮೇಲೊಂದು ಎರಡು ಹಡಗುಗಳಿದ್ದವೆಂಬುದು ಆಗ ತಿಳಿಯದೆ, ದಶಕಗಳ ನಂತರ ಗೊತ್ತಾಯಿತು. ಮೇಲ್ವಿಚಾರಣೆಯ ಪುರಾತತ್ತ್ವಜ್ಞನು ಹಡಗಿನ ಮೇಲೆಯೇ ಇದ್ದು, ತಾನು ಮುಳುಗದವನಾಗಿದ್ದನು. ಇದನ್ನು ಓದುವಾಗ ನಮ್ಮ ಶಿವಮೊಗ್ಗ ಸೀಮೆಯ ಶಿಕಾರಿಪುರ ರಂಗನಾಥ ರಾಯರ ನೆನಪಾಗದಿರದು. ಲೋಥಲ್ ಉತ್ಖನನದಿಂದ ಹೆಸರಾದ ಅವರು ೧೯೮೦ರ ದಶಕದಲ್ಲಿ ಗೋವೆಯ ಸಾಗರ ವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಕಡಲಡಿಯ ಶೋಧವನ್ನು ನಡೆಸಿದಾಗ ಅವರ ತಂಡದವರ ಬೆನ್ನಿಗಿದ್ದುದೂ ಇದೇ ವಂಶದ ಉಪಕರಣವೇ.

೧೯೫೩ರಲ್ಲಿ ಕುಸ್ತೋ ಮತ್ತು ಡ್ಯೂಮಾ ಬರೆದ ಮೌನ ಪ್ರಪಂಚವೆಂಬರ್ಥದ ಹೆಸರಿನ ಪುಸ್ತಕ ಲಕ್ಷಾಂತರ ಮನೆ ಸೇರಿತು. ಅದೇ ಹೆಸರಿನ ಚಲನಚಿತ್ರವು ೧೯೫೬ರ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಗಳಿಸಿತು. ಅದೇ ಉತ್ಸವದಲ್ಲಿ ನಮ್ಮ ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿಗೂ ಪ್ರಶಸ್ತಿ ಬಂತು. ಆದರೆ ಕುಸ್ತೋನ ಆ ಚಿತ್ರವನ್ನು ಇಂದು ನೋಡಿದರೆ ಮನಸ್ಸು ಕಹಿಯಾಗುತ್ತದೆ. ಮೀನುಗಳನ್ನು ಎಣಿಸಲು ಹವಳದ ದಿಬ್ಬದಲ್ಲಿ ಡೈನಮೈಟು ಸಿಡಿಸುತ್ತಾರೆ. ಹಡಗಿಗೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕುಗಳನ್ನು ನಾವಿಕರು ರೋಷದಿಂದ ಕೊಚ್ಚುತ್ತಾರೆ. ೧೯೫೪ರಲ್ಲಿ ಹಣಕ್ಕಾಗಿ ಅಬುಧಾಬಿಯ ಕಡಲಲ್ಲಿ ತೈಲ ಕಂಪನಿಗೆ ಬಂಡೆಯ ಮಾದರಿಗಳನ್ನು ತೆಗೆದುಕೊಟ್ಟದ್ದೂ ಇದೇ ಹಡಗು. ಆ ಮನುಷ್ಯ ಬದಲಾದದ್ದು ಅವನ ಕಣ್ಣೆದುರಿಗೇ ಮೆಡಿಟರೇನಿಯನ್ ಬರಡಾಗತೊಡಗಿದಾಗ. ತಾನು ಮೊದಲು ಮುಳುಗಿದ ತಾಣಗಳಿಗೆ ವರ್ಷಗಳ ನಂತರ ಹೋದರೆ ಮೀನುಗಳಿರಲಿಲ್ಲ. ೧೯೬೦ರಲ್ಲಿ ವಿಕಿರಣ ತ್ಯಾಜ್ಯವನ್ನು ಆ ಸಮುದ್ರಕ್ಕೆ ಸುರಿಯುವ ಸರ್ಕಾರದ ಯೋಜನೆಯನ್ನು ಆತ ಬಹಿರಂಗವಾಗಿ ಎದುರಿಸಿದನು, ಜನ ರೈಲನ್ನು ತಡೆದರು, ತ್ಯಾಜ್ಯ ಹಿಂದಿರುಗಿತು.

ಕಡಲಡಿಯಲ್ಲಿ ಮನೆ ಕಟ್ಟುವ ಪ್ರಯೋಗಗಳೂ ನಡೆದವು. ೧೯೬೨ರಲ್ಲಿ ಇಬ್ಬರು ಒಂದು ವಾರ ಹತ್ತು ಮೀಟರ್ ಆಳದಲ್ಲಿ ವಾಸವಾಗಿದ್ದರು. ಮರುವರ್ಷ ಸೂಡಾನಿನ ಕೆಂಪು ಸಮುದ್ರದಲ್ಲಿ ಒಂದು ತಿಂಗಳು. ೧೯೬೫ರಲ್ಲಿ ನೂರು ಮೀಟರ್ ಆಳದಲ್ಲಿ ಆರು ಮಂದಿ ಮೂರು ವಾರ. ಬಳಿಕ ಆತ ಆ ಕನಸನ್ನು ಬಿಟ್ಟು ದೂರದರ್ಶನದ ಸರಣಿಗಳತ್ತ ತಿರುಗಿದನು. ಕಡಲನ್ನೇ ಕಾಣದ ಕೋಟ್ಯಂತರ ಮನೆಗಳಿಗೆ ಕಡಲು ಹೋಯಿತು. ಅಂಟಾರ್ಕ್ಟಿಕದಲ್ಲಿ ಗಣಿ ತೋಡಲು ಅವಕಾಶ ಕೊಡುವ ಒಪ್ಪಂದದ ವಿರುದ್ಧ ಅವನು ಸಹಿ ಸಂಗ್ರಹಿಸಿದನು. ೧೯೯೧ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಲ್ಲಿನ ಗಣಿಗಾರಿಕೆಯನ್ನು ನಿಷೇಧಿಸುವ ಒಪ್ಪಂದವೇ ಆಯಿತು.

ಗನ್ಯಾನ್ ಏನಾದನು? ಆತ ೧೯೪೭ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ನೆಲೆಸಿ, ತನ್ನ ಪಾಡಿಗೆ ಹೊಸ ಹೊಸ ಕವಾಟಗಳನ್ನು ರಚಿಸುತ್ತಲೇ ಇದ್ದನು. ೧೯೫೫ರ ಸುಮಾರಿಗೆ ಬಂದ ಮಿಸ್ತ್ರಾಲ್ ಎಂಬ ಮಾದರಿ ಒಂದೇ ಹಂತದ್ದಾಗಿ, ಬಿಡಿಭಾಗ ಕಡಿಮೆಯಾಗಿ, ಸುಲಭವಾಗಿ ಬಿಚ್ಚಿ ತೊಳೆಯಬಹುದಾದುದರಿಂದ ಬಹುಕಾಲ ಜನಪ್ರಿಯವಾಗಿತ್ತು. ಲೋಕದ ಕಣ್ಣಿಗೆ ಆಕ್ವಾಲಂಗ್ ಎಂದರೆ ಕುಸ್ತೋ ಒಬ್ಬನೇ. ಕುಸ್ತೋ ತನ್ನ ಪುಸ್ತಕದಲ್ಲಿ ಗನ್ಯಾನನ ಹೆಸರನ್ನು ಮುಚ್ಚಿಡಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಕ್ಯಾಮರಾದ ಮುಂದೆ ನಿಂತವನನ್ನೇ ಲೋಕ ನೆನೆಯುತ್ತದೆ.

ಅವನ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಕಿರಿಯ ಮಗ ಫಿಲಿಪ್, ತಂದೆಯ ಕೆಲಸಕ್ಕೆ ಉತ್ತರಾಧಿಕಾರಿಯೆಂದು ಎಲ್ಲರೂ ಎಣಿಸಿದ್ದವನು, ೧೯೭೯ರ ಜೂನ್ ೨೮ರಂದು ಲಿಸ್ಬನ್ ಬಳಿಯ ನದಿಯಲ್ಲಿ ತನ್ನ ಜಲವಿಮಾನ ಅಪಘಾತಕ್ಕೀಡಾಗಿ ಸತ್ತನು. ಕಂಡವರು ಹೇಳುವಂತೆ ಆ ಬಳಿಕ ತಂದೆ ಹಿಂದಿನವನಾಗಲಿಲ್ಲ. ಸಿಮೋನ್ ೧೯೯೦ರಲ್ಲಿ ತೀರಿಕೊಂಡಳು. ಅವಳ ಚಿತಾಭಸ್ಮವನ್ನು ಕಡಲಿಗೇ ಬಿಟ್ಟರು. ಮರುವರ್ಷ ಕುಸ್ತೋ ಇನ್ನೊಂದು ಮದುವೆಯಾದನು. ಹಿರಿಯ ಮಗನೊಡನೆ ಮನೆತನದ ಹೆಸರಿನ ಬಳಕೆಯ ಬಗ್ಗೆ ವ್ಯಾಜ್ಯವೂ ನಡೆಯಿತು. ೧೯೯೬ರ ಜನವರಿಯಲ್ಲಿ ಸಿಂಗಪುರದ ಬಂದರಿನಲ್ಲಿ ನಿಂತಿದ್ದ ಕ್ಯಾಲಿಪ್ಸೋಗೆ ಸರಕುದೋಣಿಯೊಂದು ಡಿಕ್ಕಿ ಹೊಡೆದು, ನಲವತ್ತೈದು ವರ್ಷ ಸಾಗರಗಳನ್ನು ಸುತ್ತಿದ ಆ ಹಡಗು ದಡದ ಪಕ್ಕದಲ್ಲೇ ಮುಳುಗಿತು. ಅದನ್ನು ಮೇಲೆತ್ತಿ ಫ್ರಾನ್ಸಿಗೆ ತಂದರು. ಎಂಬತ್ತೈದು ದಾಟಿದ ಕುಸ್ತೋ ಹೊಸದೊಂದು ಹಡಗು ಕಟ್ಟಿಸಲು ಹಣ ಕೂಡಿಸತೊಡಗಿದನು. ಹಡಗು ಆಗುವ ಮೊದಲೇ, ೧೯೯೭ರ ಜೂನ್ ೨೫ರಂದು, ಪ್ಯಾರಿಸ್ಸಿನಲ್ಲಿ ಅವನ ಉಸಿರು ನಿಂತಿತು. ಆಗ ಅವನಿಗೆ ೮೭ ವರ್ಷ. ಸಾಗರದಲ್ಲಲ್ಲ, ಹುಟ್ಟಿದ ಸೇಂಟ್ ಆಂದ್ರೆ ದ ಕುಬ್ಜಾಕ್ ಊರಿನ ಮಣ್ಣಿನಲ್ಲಿ, ಮನೆಯವರ ಸಮಾಧಿಗಳ ನಡುವೆ ಅವನನ್ನು ಹೂಳಿದರು.